ವಿಳಾಸಗಳ ಬರಗಾಲ ಮತ್ತು ಆಟದ ಸರ್ವರು

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಹಲವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ಮನೆಗೆ ಬ್ರಾಡ್‌ಬ್ಯಾಂಡು ಬಂದಿದೆ. ಸಿನಿಮಾ ನೋಡಬಹುದು, ಊರಿಗೆ ವಿಡಿಯೋ ಕರೆ ಮಾಡಬಹುದು, ದೊಡ್ಡ ಕಂಪನಿಗಳ ಸರ್ವರಿನಲ್ಲಿ ಆಟವನ್ನೂ ಆಡಬಹುದು. ಆದರೆ ತಮ್ಮದೇ ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಅಥವಾ ಕೌಂಟರ್ ಸ್ಟ್ರೈಕ್ ಆಟದ ಸರ್ವರು ನಡೆಸಿ ಗೆಳೆಯರನ್ನು ಕರೆದರೆ ಒಬ್ಬನಿಗೂ ಒಳಗೆ ಬರಲಾಗುವುದಿಲ್ಲ. ಹಳೆಯ ಲೈನಿನಲ್ಲಿ ಇದು ನಡೆಯುತ್ತಿತ್ತು, ಹೊಸ ಲೈನಿನಲ್ಲಿ ನಡೆಯುವುದಿಲ್ಲ. ವೇಗ ಹೆಚ್ಚಿದೆ, ಬಾಗಿಲು ಮಾತ್ರ ಮುಚ್ಚಿದೆ. ಇದಕ್ಕೆ ಕಾರಣವೇನು?

ಆಟದ ವಿಚಾರ ಈ ಪುಟಗಳಿಗೇಕೆ ಎಂದು ಹಿರಿಯರು ಕೇಳಿಯಾರು. ಎರಡು ಕಾರಣಗಳುಂಟು. ಮೊದಲನೆಯದು, ಒಂದೇ ಊರಿನಿಂದ ಹೊರಟು ಒಬ್ಬ ಕಲ್ಯಾಣಕ್ಕೆ, ಒಬ್ಬ ಬೆಂಗಳೂರಿಗೆ, ಮತ್ತೊಬ್ಬ ದುಬೈಗೆ ಸೇರಿದ ಹುಡುಗರು ರಾತ್ರಿ ಒಂದು ಗಂಟೆ ಒಟ್ಟಿಗೆ ಕಳೆಯುವ ಜಾಗ ಈ ಆಟವೇ ಆಗಿದೆ. ಎರಡನೆಯದು, ಕಾರಣ ತಿಳಿಯದೆ ಕೈಯ ಹಣ ಕಳೆದುಕೊಳ್ಳುವವರು ಬಹಳ. ಡೊಂಬಿವಲಿಯ ಪರಿಚಿತ ಹುಡುಗನೊಬ್ಬ ಅಂಗಡಿಯವನ ಮಾತಿಗೆ ಎರಡು ಸಲ ಹೊಸ ರೌಟರು ಕೊಂಡ. ರೌಟರು ಎರಡೂ ಚೆನ್ನಾಗಿದ್ದವು. ದೋಷ ರೌಟರಿನಲ್ಲಿ ಇರಲಿಲ್ಲ. ಅವನ ಲೈನಿಗೆ ಸ್ವಂತ ವಿಳಾಸವೇ ಇರಲಿಲ್ಲ.

ವಿಳಾಸವೆಂದರೇನು?

ಇಂಟರ್ನೆಟ್ಟಿನಲ್ಲಿ ಸಾಗುವ ಪ್ರತಿಯೊಂದು ಮಾತೂ ಸಣ್ಣ ಸಣ್ಣ ಲಕೋಟೆಗಳಾಗಿ ಸಾಗುತ್ತದೆ. ಪ್ರತಿ ಲಕೋಟೆಯ ಮೇಲೆ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಇರಬೇಕು. ಇದಕ್ಕೆ ಐ.ಪಿ. ವಿಳಾಸ ಎನ್ನುತ್ತಾರೆ. ನಡುವೆ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆಗಳು. ಪ್ರತಿಯೊಂದೂ 0ಯಿಂದ 255ರ ಒಳಗೆ. ಈ ಪದ್ಧತಿಯನ್ನು 1981ರಲ್ಲಿ ಗೊತ್ತುಪಡಿಸಿದರು. 1983ರ ಜನವರಿ 1ರಿಂದ ಅಮೆರಿಕದ ಆರ್ಪಾನೆಟ್ ಜಾಲ ಇದಕ್ಕೆ ಬದಲಾಯಿತು. ಹೀಗೆ ಬರೆಯಬಹುದಾದ ವಿಳಾಸಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296. ಅದಕ್ಕಿಂತ ಒಂದೂ ಹೆಚ್ಚಿಲ್ಲ.

ವಿಳಾಸದ ಜೊತೆಗೆ ಪೋರ್ಟು ಎಂಬ ಇನ್ನೊಂದು ಸಂಖ್ಯೆಯಿರುತ್ತದೆ. ವಿಳಾಸವು ಚಾಳಿನ ಹೆಸರಾದರೆ ಪೋರ್ಟು ಖೋಲಿಯ ನಂಬರು. ಒಂದು ವಿಳಾಸಕ್ಕೆ ಸುಮಾರು 65 ಸಾವಿರ ಪೋರ್ಟುಗಳು. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯ ಸರ್ವರು ವಾಡಿಕೆಯಾಗಿ 25565ರಲ್ಲಿ, ಕೌಂಟರ್ ಸ್ಟ್ರೈಕಿನದು 27015ರಲ್ಲಿ ಕಾದಿರುತ್ತದೆ.

ಇನ್ನು ಸರ್ವರೆಂದರೆ ಆಟದ ಅಂಗಳ. ಆಟಗಾರರು ಎಲ್ಲೆಲ್ಲಿದ್ದರೂ ಅಲ್ಲಿಗೆ ಬಂದು ಸೇರುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಪೆಟ್ಟು ಯಾರಿಗೆ ಬಿತ್ತು ಎಂಬ ಲೆಕ್ಕವನ್ನೆಲ್ಲ ಇಡುವುದು ಸರ್ವರಿನ ಕೆಲಸ. ಅದು ತಾನಾಗಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಜನರೇ ಅದನ್ನು ಹುಡುಕಿ ಬರಬೇಕು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ತೊಡಕೆಲ್ಲ ಇದರಿಂದಲೇ ಹುಟ್ಟುತ್ತದೆ.

ಖಜಾನೆ ಬರಿದಾದ ಬಗೆ

ನಾನೂರು ಕೋಟಿ ವಿಳಾಸ ಆ ಕಾಲಕ್ಕೆ ಸಮುದ್ರದಂತೆ ಕಂಡಿತು. ಆದುದರಿಂದ ಹಂಚುವಾಗ ಕೈಬಿಚ್ಚಿ ಹಂಚಿದರು. ಫೋರ್ಡ್ ಮೋಟಾರು ಕಂಪನಿಗೆ, ಆಪಲ್ ಕಂಪನಿಗೆ, ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ತಲಾ ಒಂದು ಕೋಟಿ 67 ಲಕ್ಷಕ್ಕೂ ಮೀರಿದ ವಿಳಾಸಗಳ ಗಂಟು ಸಿಕ್ಕಿತು. ನಮ್ಮ ದೇಶದಲ್ಲಿ ವಿದೇಶ್ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ಟು ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಮುಂಬಯಿ ಮೊದಲ ನಗರಗಳಲ್ಲೊಂದು. ಪಂಕ್ತಿಯಲ್ಲಿ ತಡವಾಗಿ ಕುಳಿತವರಿಗೆ ಬಡಿಸುವ ಹೊತ್ತಿಗೆ ಪಾತ್ರೆಯ ತಳ ಕಾಣತೊಡಗಿತ್ತು.

ಜಗತ್ತಿನ ಮೂಲ ಖಜಾನೆಯಲ್ಲಿದ್ದ ಕಡೆಯ ಐದು ಗಂಟುಗಳನ್ನು 2011ರ ಫೆಬ್ರವರಿ 3ರಂದು ಐದು ಭೂಭಾಗಗಳ ವಿತರಣಾ ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟು ಕೈತೊಳೆದರು. ಏಷ್ಯಾ ಮತ್ತು ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಏಪ್‌ನಿಕ್ ಸಂಸ್ಥೆಯಲ್ಲಿ ಅದೇ ವರ್ಷ ಏಪ್ರಿಲ್ 15ರಂದು ರೇಶನ್ನು ಆರಂಭವಾಯಿತು. ಅಂದಿನಿಂದ ಹೊಸ ಸದಸ್ಯನಿಗೆ ಆ ಕಡೆಯ ಗಂಟಿನಿಂದ 1024ಕ್ಕಿಂತ ಹೆಚ್ಚು ವಿಳಾಸವಿಲ್ಲ. 2019ರಿಂದ ಅದನ್ನೂ 512ಕ್ಕೆ ಇಳಿಸಿದರು. ಭಾರತದಲ್ಲಿ ಈ ಹಂಚಿಕೆಯನ್ನು ಇರಿನ್ ಎಂಬ ವಿಭಾಗ ನೋಡಿಕೊಳ್ಳುತ್ತದೆ. ಒಂದು ಉಪನಗರದಲ್ಲಿ ಹತ್ತು ಸಾವಿರ ಮನೆಗಳಿಗೆ ಲೈನು ಎಳೆಯಹೊರಟ ಹೊಸ ಕಂಪನಿಗೆ 512 ವಿಳಾಸ ಸಿಕ್ಕಿದರೆ ಅದು ಸುಮಾರು ಇಪ್ಪತ್ತು ಮನೆಗೆ ಒಂದರಂತೆ ಮಾತ್ರ ಆಯಿತು.

ಖಜಾನೆಯಲ್ಲಿ ಮುಗಿದ ಮೇಲೆ ಪೇಟೆಯಲ್ಲಿ ವ್ಯಾಪಾರ ಕುದುರಿತು. ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ ಕಂಪನಿ 2011ರಲ್ಲಿ 75 ಲಕ್ಷ ಡಾಲರಿಗೆ ಕೊಂಡಿತು. ವಿಳಾಸವೊಂದಕ್ಕೆ ಹನ್ನೊಂದೂಕಾಲು ಡಾಲರು. ಹತ್ತು ವರ್ಷ ಕಳೆದು 2021ರ ಕೊನೆಗೆ ಪೇಟೆಯ ಬೆಲೆ 50 ಡಾಲರಿನ ಆಸುಪಾಸಿಗೆ ಏರಿತ್ತು, ಅನಂತರ ಇಳಿಯಿತು. ಮುಂಬಯಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾಲಬಾಗಿನಲ್ಲಿ ಅಜ್ಜನ ಕಾಲದ ಪಗಡಿ ಖೋಲಿ ಇದ್ದವನಿಗೆ ಬಾಡಿಗೆಯ ಚಿಂತೆಯಿಲ್ಲ. ಇಂದು ರೈಲಿನಿಂದಿಳಿದವನಿಗೆ ಡಿಪಾಜಿಟ್ಟಿನ ಮಾತು ಕೇಳಿಯೇ ತಲೆ ತಿರುಗುತ್ತದೆ. ಇಂಟರ್ನೆಟ್ಟಿನ ವಿಳಾಸದ್ದೂ ಅದೇ ಕಥೆ.

ಕೇರಾಫ್ ವಿಳಾಸದ ಉಪಾಯ

ಹಾಗಾದರೆ ವಿಳಾಸವಿಲ್ಲದ ಮನೆಗಳಲ್ಲಿ ಇಂಟರ್ನೆಟ್ಟು ನಡೆಯುವುದು ಹೇಗೆ? ನಮ್ಮ ಹಿಂದಿನವರು ಹೇಗೆ ಕಾಗದ ತರಿಸಿಕೊಳ್ಳುತ್ತಿದ್ದರೋ ಹಾಗೆ. ಮುಂಬಯಿಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತವನಿಗೆ ಸ್ವಂತ ವಿಳಾಸವೆಲ್ಲಿ? ಅಲ್ಲಿಯೇ ದುಡಿಮೆ, ಅಲ್ಲಿಯೇ ಊಟ, ಅಲ್ಲಿಯೇ ನಿದ್ರೆ. ಊರಿನ ಕಾಗದ ಹೋಟೆಲಿನ ಕೇರಾಫಿಗೆ ಬರುತ್ತಿತ್ತು.

ಹೋಟೆಲಿನ ಮ್ಯಾನೇಜರರು ಒಂದು ರಿಜಿಸ್ಟರು ಇಟ್ಟಿದ್ದಾರೆಂದು ಭಾವಿಸೋಣ. ಒಳಗಿನಿಂದ ಯಾರೇ ಕಾಗದ ಹಾಕಲಿ, ಅವರು ಅದರ ಮೇಲೆ ಹೋಟೆಲಿನ ವಿಳಾಸವನ್ನೂ ಒಂದು ಚೀಟಿ ನಂಬರನ್ನೂ ಬರೆದು ಕಳಿಸುತ್ತಾರೆ. “ಚೀಟಿ 41: ಅಡಿಗೆಮನೆಯ ಶೀನ, ಕುಂದಾಪುರಕ್ಕೆ” ಎಂದು ರಿಜಿಸ್ಟರಿನಲ್ಲಿ ಗುರುತು ಮಾಡುತ್ತಾರೆ. ಕುಂದಾಪುರದಿಂದ ಚೀಟಿ 41ಕ್ಕೆ ಉತ್ತರ ಬಂದೊಡನೆ ಅದು ಶೀನನಿಗೆ ಸಲ್ಲುತ್ತದೆ. ಮನೆಯ ರೌಟರು ಮಾಡುವುದು ನಿಖರವಾಗಿ ಈ ಕೆಲಸವನ್ನೇ. ಚೀಟಿ ನಂಬರಿನ ಜಾಗದಲ್ಲಿ ಪೋರ್ಟು ನಂಬರು ಇರುತ್ತದೆ. ಇದಕ್ಕೆ ನ್ಯಾಟ್ ಎಂದು ಹೆಸರು. ಮನೆಯಲ್ಲಿ ನಾಲ್ಕು ಮೊಬೈಲು, ಒಂದು ಟಿ.ವಿ., ಒಂದು ಕಂಪ್ಯೂಟರು ಇದ್ದರೂ ಹೊರಗಿನವರಿಗೆ ಕಾಣುವ ವಿಳಾಸ ಒಂದೇ.

ಈಗ ಅಪರಿಚಿತನೊಬ್ಬನ ಕಾಗದ ನೇರವಾಗಿ ಬಂತೆನ್ನಿ. ಒಳಗಿನಿಂದ ಯಾರೂ ಅವನಿಗೆ ಬರೆದಿಲ್ಲ, ರಿಜಿಸ್ಟರಿನಲ್ಲಿ ಗುರುತಿಲ್ಲ. ಯಾರಿಗೆ ಕೊಡುವುದು? ಮ್ಯಾನೇಜರರು ಅದನ್ನು ಬುಟ್ಟಿಗೆ ಹಾಕುತ್ತಾರೆ. ಆಟದ ಸರ್ವರಿಗೆ ಬರುವ ಪ್ರತಿಯೊಬ್ಬ ಗೆಳೆಯನ ಮೊದಲ ಲಕೋಟೆಯೂ ಇಂಥದೇ ಕಾಗದ.

ಮನೆಯ ಮಟ್ಟಿಗೆ ಇದಕ್ಕೆ ಪರಿಹಾರವಿದೆ. ರೌಟರು ನಮ್ಮದು, ರಿಜಿಸ್ಟರೂ ನಮ್ಮದು. “25565ಕ್ಕೆ ಬಂದುದನ್ನೆಲ್ಲ ಈ ಕಂಪ್ಯೂಟರಿಗೆ ಕೊಡು” ಎಂದು ಖಾಯಂ ಆಗಿ ಬರೆದಿಟ್ಟರೆ ಆಯಿತು. ಇದೇ ಪೋರ್ಟ್ ಫಾರ್ವರ್ಡಿಂಗ್. ಹಳೆಯ ಲೈನಿನಲ್ಲಿ ಹುಡುಗರು ಸರ್ವರು ನಡೆಸುತ್ತಿದ್ದುದು ಹೀಗೆ.

ಆದರೆ ಬರಗಾಲ ಹೆಚ್ಚಿದಂತೆ ಕಂಪನಿಗಳು ಇದೇ ಉಪಾಯವನ್ನು ಇನ್ನೊಂದು ಅಂತಸ್ತು ಮೇಲೆ ಕಟ್ಟಿದವು. ಒಂದು ಮನೆಗೆ ಒಂದು ವಿಳಾಸ ಕೊಡುವುದನ್ನು ಬಿಟ್ಟು ಹತ್ತಾರು, ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದವು. ಇದಕ್ಕೆ ಸಿ.ಜಿ. ನ್ಯಾಟ್ ಎನ್ನುತ್ತಾರೆ. ಇದಕ್ಕೆಂದೇ 2012ರ ಏಪ್ರಿಲಿನಲ್ಲಿ 100.64ರಿಂದ 100.127ರ ವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಒಳಬಳಕೆಗೆ ಮೀಸಲಿಟ್ಟರು. ಈಗ ನಮ್ಮ ಮ್ಯಾನೇಜರರ ಮೇಲೆ ಇಡೀ ಪೇಟೆಗೆ ಒಬ್ಬ ದೊಡ್ಡ ಮ್ಯಾನೇಜರು ಬಂದಂತಾಯಿತು. ನಮ್ಮ ರಿಜಿಸ್ಟರಿನಲ್ಲಿ ಏನೇ ಬರೆದುಕೊಂಡರೂ ಕಾಗದ ನಮ್ಮ ಬಾಗಿಲಿಗೆ ಬಂದರೆ ತಾನೆ? ದೊಡ್ಡ ರಿಜಿಸ್ಟರು ಕಂಪನಿಯ ಕಚೇರಿಯಲ್ಲಿದೆ. ಅದರಲ್ಲಿ ಬರೆಯುವ ಅಧಿಕಾರ ನಮಗಿಲ್ಲ. ಡೊಂಬಿವಲಿಯ ಹುಡುಗನ ಎರಡು ರೌಟರುಗಳು ಸೋತದ್ದು ಇಲ್ಲಿ.

ನೋಡುವವನಿಗೆ, ಓದುವವನಿಗೆ, ಇತರರ ಸರ್ವರಿನಲ್ಲಿ ಆಡುವವನಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಅವನು ತಾನೇ ಮೊದಲು ಕಾಗದ ಹಾಕುತ್ತಾನೆ, ಉತ್ತರ ಬರುತ್ತದೆ. ಬಾಧೆಯೆಲ್ಲ ಮನೆಯಲ್ಲಿ ಅಂಗಳ ಹಾಕಿ ಇತರರನ್ನು ಕರೆಯುವವನಿಗೆ. ವಿಳಾಸದ ಬರದಿಂದ ಜನ ಅತಿಥಿಗಳಾಗಿ ಮಾತ್ರ ಉಳಿಯುತ್ತಾರೆ. ಆತಿಥೇಯರಾಗಬೇಕಾದರೆ ಹಣ ತೆರಬೇಕು. ಈ ಲೇಖನದ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಇಷ್ಟೇ.

ಬಾಡಿಗೆ ಸರ್ವರಿನ ಲೆಕ್ಕ

ಮನೆಯಲ್ಲಿ ಆಗದಿದ್ದರೆ ಬಾಡಿಗೆಗೆ ಸರ್ವರು ಹಿಡಿಯಬಹುದು. ಮುಂಬಯಿಯಲ್ಲಿಯೇ ಇದಕ್ಕೆ ಅನುಕೂಲವುಂಟು. ಅಮೆಜಾನ್ ಕಂಪನಿ ತನ್ನ ಬಾಡಿಗೆ ಕಂಪ್ಯೂಟರುಗಳ ಕೇಂದ್ರವನ್ನು ಇಲ್ಲಿ 2016ರಲ್ಲಿ ತೆರೆಯಿತು. ಆದರೆ ಇಲ್ಲಿಯೂ ವಿಳಾಸಕ್ಕೆ ಪ್ರತ್ಯೇಕ ಬಾಡಿಗೆ. ಅಮೆಜಾನ್ 2024ರ ಫೆಬ್ರವರಿ 1ರಿಂದ ಹಳೆಯ ಪದ್ಧತಿಯ ಪ್ರತಿ ಸಾರ್ವಜನಿಕ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟಿನಂತೆ ದರ ಹಾಕಿದೆ. ಮೂವತ್ತು ದಿನದ ತಿಂಗಳಿಗೆ 720 ಗಂಟೆ. ಎಂದರೆ 3 ಡಾಲರು 60 ಸೆಂಟು. ಕಂಪ್ಯೂಟರಿನ ಬಾಡಿಗೆ ಬೇರೆ.

ಒಬ್ಬನಿಗೆ ಇದು ದೊಡ್ಡ ಹೊರೆಯಲ್ಲವೆನ್ನಬಹುದು. ಆದರೆ ಒಬ್ಬ ತರುಣ ದೊಡ್ಡ ಕಂಪ್ಯೂಟರೊಂದನ್ನು ಹಿಡಿದು ಮೂವತ್ತು ಗಿರಾಕಿಗಳಿಗೆ ಆಟದ ಸರ್ವರು ಬಾಡಿಗೆಗೆ ಕೊಡುವ ಸಣ್ಣ ಉದ್ಯೋಗ ಹೂಡಿದನೆಂದುಕೊಳ್ಳಿ. ಮೂವತ್ತು ಮಂದಿಗೂ ಪ್ರತ್ಯೇಕ ವಿಳಾಸ ಕೊಟ್ಟರೆ ಈ ದರದಲ್ಲಿ ತಿಂಗಳಿಗೆ 108 ಡಾಲರು ವಿಳಾಸಕ್ಕೇ ಹೋಯಿತು. ಹಳೆಯ ಕಂಪನಿಗೆ ಈ ಖರ್ಚಿಲ್ಲ. ಅದು ಅಗ್ಗದ ಕಾಲದಲ್ಲಿ ಪಡೆದ ವಿಳಾಸಗಳನ್ನು ಇಟ್ಟುಕೊಂಡಿದೆ. ಹೊಸಬ ಪೈಪೋಟಿಯಲ್ಲಿ ಮೊದಲ ದಿನವೇ ಹಿಂದೆ ಬೀಳುತ್ತಾನೆ.

ಅವನು ಒಂದೇ ವಿಳಾಸದಲ್ಲಿ ಮೂವತ್ತು ಪೋರ್ಟುಗಳನ್ನು ಹಂಚಬಹುದು, ಹೆಚ್ಚಿನವರು ಮಾಡುವುದೂ ಅದನ್ನೇ. ವೆಬ್‌ಸೈಟುಗಳಲ್ಲಿ ಇಂಥ ಹಂಚಿಕೆ ಸುಲಭ, ಏಕೆಂದರೆ ಬ್ರೌಸರು ತನಗೆ ಬೇಕಾದ ಸೈಟಿನ ಹೆಸರನ್ನು ಮೊದಲೇ ಹೇಳುತ್ತದೆ. ಒಂದು ವಿಳಾಸದಲ್ಲಿ ಸಾವಿರ ಸೈಟುಗಳು ನೆಮ್ಮದಿಯಾಗಿ ಇರಬಲ್ಲವು. ಬಹಳಷ್ಟು ಆಟಗಳು ಹೆಸರು ಹೇಳುವುದಿಲ್ಲ. ವಿಳಾಸ ಮತ್ತು ಪೋರ್ಟನ್ನು ಮಾತ್ರ ನೋಡುತ್ತವೆ. ಆದುದರಿಂದ ಆಟಗಾರರೆಲ್ಲ ಉದ್ದನೆಯ ಪೋರ್ಟು ನಂಬರನ್ನು ಬಾಯಿಪಾಠ ಮಾಡಬೇಕು. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ಈ ವಿಷಯದಲ್ಲಿ ಮೇಲು. ಹೆಸರಿನ ದಾಖಲೆಯಲ್ಲಿಯೇ ಪೋರ್ಟನ್ನು ಬರೆದಿಟ್ಟರೆ ಅದು ತಾನೇ ಓದಿಕೊಳ್ಳುತ್ತದೆ.

ಹಂಚಿಕೊಂಡ ವಿಳಾಸಕ್ಕೆ ಇನ್ನೊಂದು ಅಪಾಯ ಅಂಟಿಕೊಂಡಿದೆ. ಸೋತ ಕೋಪದಲ್ಲಿ ಯಾರೋ ಒಬ್ಬ ಒಂದು ಸರ್ವರಿನ ಮೇಲೆ ಕಸದ ಲಕೋಟೆಗಳ ಪ್ರವಾಹ ಹರಿಸಿದರೆ ಅದೇ ವಿಳಾಸದಲ್ಲಿರುವ ಉಳಿದ ಇಪ್ಪತ್ತೊಂಬತ್ತು ಸರ್ವರುಗಳೂ ಮುಳುಗುತ್ತವೆ. ಕೇರಾಫ್ ವಿಳಾಸದಲ್ಲಿ ಆಡುವವರ ಪಾಡೂ ಹಾಗೆಯೇ. ಪಕ್ಕದ ಬಿಲ್ಡಿಂಗಿನ ಯಾರೋ ಮೋಸದಾಟ ಆಡಿ ಅವನ ವಿಳಾಸಕ್ಕೆ ಪ್ರವೇಶ ನಿಷೇಧವಾದರೆ, ಅದೇ ವಿಳಾಸದ ಹಿಂದಿರುವ ನಮ್ಮ ಹುಡುಗನಿಗೂ ಬಾಗಿಲು ಮುಚ್ಚುತ್ತದೆ. ಆದುದರಿಂದ ಸರ್ವರು ನಡೆಸುವವರು ನಿಷೇಧಿಸುವಾಗ ವಿಳಾಸಕ್ಕಿಂತ ಆಟಗಾರನ ಖಾತೆಯನ್ನು ನೋಡಿ ನಿಷೇಧಿಸುವುದು ನ್ಯಾಯ.

ಅಗ್ಗವೆಂದು ದೂರದೇಶದ ಸರ್ವರು ಹಿಡಿಯುವವರೂ ಇದ್ದಾರೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಸಿಂಗಾಪುರ ಇಲ್ಲಿಂದ ಸುಮಾರು 4000 ಕಿಲೋಮೀಟರು. ಹೋಗಿ ಬರಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಬೇಕೇ ಬೇಕು. ತಂತಿಯ ಬಳಸುದಾರಿಯಿಂದ ಅದು ಇನ್ನೂ ಹೆಚ್ಚುತ್ತದೆ. ಯುರೋಪಾದರೆ ಕೇಳುವುದೇ ಬೇಡ. ಕಟ್ಟಡ ಕಟ್ಟುವ ಆಟಕ್ಕೆ ಇದು ಸಹ್ಯ. ಗುಂಡು ಹಾರಿಸುವ ಆಟಕ್ಕೆ ಸೋಲು.

ಹೊಸ ಪದ್ಧತಿ

ಮುಂಬಯಿಯ ಟೆಲಿಫೋನು ನಂಬರುಗಳು ಏಳು ಅಂಕಿಯಿಂದ ಎಂಟಕ್ಕೆ ಏರಿದ್ದು ಹಿರಿಯರಿಗೆ ನೆನಪಿರಬಹುದು. ಹಳೆಯ ನಂಬರಿನ ಮುಂದೆ 2 ಸೇರಿಸಿದರು, ಕೆಲಸ ಮುಗಿಯಿತು. ಇಂಟರ್ನೆಟ್ಟಿನಲ್ಲಿಯೂ ಅಂಕಿ ಹೆಚ್ಚಿಸುವ ಉಪಾಯ ಸಿದ್ಧವಾಗಿಯೇ ಇದೆ. ಐ.ಪಿ. ಆರನೆಯ ಆವೃತ್ತಿ ಎಂಬ ಈ ಪದ್ಧತಿಯನ್ನು ಮೊದಲು 1995ರಲ್ಲಿ ಪ್ರಕಟಿಸಿದರು. ಇದರ ವಿಳಾಸಗಳ ಎಣಿಕೆ ಬರೆಯಲು 39 ಅಂಕಿಗಳು ಬೇಕು. ಒಂದು ಮನೆಗೆ ಸಾಮಾನ್ಯವಾಗಿ ಕೊಡುವ ಅತಿ ಚಿಕ್ಕ ಪಾಲಿನಲ್ಲಿಯೇ ಹಳೆಯ ಇಂಟರ್ನೆಟ್ಟಿನಷ್ಟು ದೊಡ್ಡ 429 ಕೋಟಿ ಇಂಟರ್ನೆಟ್ಟುಗಳು ಹಿಡಿಸುತ್ತವೆ. ಇಲ್ಲಿ ಕೇರಾಫ್ ಬೇಕಿಲ್ಲ. ಪ್ರತಿ ಕಂಪ್ಯೂಟರಿಗೂ ಸ್ವಂತ ವಿಳಾಸ.

ಆದರೂ ಬದಲಾವಣೆ ಟೆಲಿಫೋನಿನಂತೆ ಒಂದೇ ಏಟಿಗೆ ಆಗಲಿಲ್ಲ. ಜಗತ್ತಿಗೆಲ್ಲ ಒಂದೇ ಎಕ್ಸ್‌ಚೇಂಜಿಲ್ಲ. ಹಳೆಯ ವಿಳಾಸ ಮಾತ್ರ ಬಲ್ಲ ಯಂತ್ರಕ್ಕೆ ಹೊಸ ವಿಳಾಸ ಓದಲು ಬರುವುದಿಲ್ಲ. ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2016ರಲ್ಲಿ ಜಿಯೋ ಕಂಪನಿಯ ಮೊಬೈಲು ಸೇವೆ ಹೊಸ ಪದ್ಧತಿಯೊಡನೆಯೇ ಆರಂಭವಾದ ಮೇಲೆ ಭಾರತ ಇದರಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದಾಗಿದೆ. ತೊಡಕಿರುವುದು ಆಟಗಳಲ್ಲಿ. ಎಷ್ಟೋ ಆಟಗಳು ಇಂದಿಗೂ ಹಳೆಯ ವಿಳಾಸವನ್ನೇ ಕೇಳುತ್ತವೆ. ಹತ್ತು ಗೆಳೆಯರಲ್ಲಿ ಒಂಬತ್ತು ಮಂದಿಗೆ ಹೊಸ ವಿಳಾಸವಿದ್ದು ಒಬ್ಬನ ಲೈನಿನಲ್ಲಿ ಇಲ್ಲದಿದ್ದರೂ, ಆ ಒಬ್ಬನಿಗಾಗಿ ಹಳೆಯದನ್ನೂ ಇಟ್ಟುಕೊಳ್ಳಬೇಕು. ಬಾಡಿಗೆ ತಪ್ಪದಿರುವುದು ಈ ಕಾರಣಕ್ಕೆ.

ಮಾಡಬೇಕಾದುದೇನು?

1. ಮೊದಲು ಪರೀಕ್ಷಿಸಿ. ರೌಟರಿನ ಪುಟ ತೆರೆದು “ವ್ಯಾನ್” ಎಂಬಲ್ಲಿರುವ ವಿಳಾಸ ನೋಡಿ. ಅನಂತರ “ನನ್ನ ಐ.ಪಿ. ಯಾವುದು” ಎಂದು ಹೊರಗಿನ ಯಾವುದಾದರೂ ಸೈಟಿನಲ್ಲಿ ನೋಡಿ. ಎರಡೂ ಒಂದೇ ಆಗಿದ್ದರೆ ವಿಳಾಸ ನಿಮ್ಮದು. ಬೇರೆಯಾಗಿದ್ದು, ರೌಟರಿನದು 100.64ರಿಂದ 100.127ರ ಒಳಗೆ ಇದ್ದರೆ ಅಥವಾ 10ರಿಂದ ಆರಂಭವಾದರೆ ನೀವು ಕೇರಾಫಿನಲ್ಲಿದ್ದೀರಿ. ಹೊಸ ರೌಟರು ಕೊಳ್ಳಬೇಡಿ.

2. ಲೈನು ಹಾಕಿಸುವ ಮೊದಲೇ ಕೇಳಿ. “ಸಾರ್ವಜನಿಕ ವಿಳಾಸ ಸಿಗುತ್ತದೆಯೇ? ಸ್ಥಿರ ವಿಳಾಸಕ್ಕೆ ತಿಂಗಳಿಗೆ ಎಷ್ಟು?” ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಆರು ತಿಂಗಳ ಹಣ ಕಟ್ಟಿದ ಮೇಲೆ ಕೇಳಿದರೆ ಉಪಯೋಗವಿಲ್ಲ. ವಿಳಾಸ ಆಗಾಗ ಬದಲಾಗುವಂಥದಾದರೂ ಸಾರ್ವಜನಿಕವಾಗಿದ್ದರೆ ಸಾಕು. ಬದಲಾದಾಗಲೆಲ್ಲ ಹೆಸರನ್ನು ಹೊಸ ವಿಳಾಸಕ್ಕೆ ಜೋಡಿಸುವ ಸೇವೆಗಳುಂಟು.

3. ನಿಮ್ಮ ಗುಂಪಿನ ಎಲ್ಲರಿಗೂ ಹೊಸ ಪದ್ಧತಿಯ ವಿಳಾಸವಿದ್ದು ಆಟವೂ ಅದನ್ನು ಒಪ್ಪಿದರೆ ಹಣ ಖರ್ಚಿಲ್ಲ. ರೌಟರಿನ ಕಾವಲಿನಲ್ಲಿ ಆ ಪೋರ್ಟಿಗೆ ಮಾತ್ರ ಅನುಮತಿ ಕೊಡಿ, ಕಾವಲನ್ನೇ ತೆಗೆದುಹಾಕಬೇಡಿ.

4. ಐದಾರು ಗೆಳೆಯರು ಮಾತ್ರ ಆಡುವುದಾದರೆ ಝೀರೋಟಿಯರ್, ಟೇಲ್‌ಸ್ಕೇಲ್ ಮುಂತಾದ ಸಾಧನಗಳನ್ನು ಎಲ್ಲರೂ ಹಾಕಿಕೊಂಡು ಖಾಸಗಿ ಜಾಲ ಕಟ್ಟಿಕೊಳ್ಳಬಹುದು. ಇವುಗಳಲ್ಲಿ ಇಬ್ಬರೂ ಒಳಗಿನಿಂದಲೇ ಮೊದಲ ಕಾಗದ ಹಾಕುವುದರಿಂದ ದೊಡ್ಡ ಮ್ಯಾನೇಜರರ ರಿಜಿಸ್ಟರಿನಲ್ಲಿ ಗುರುತು ಬೀಳುತ್ತದೆ. ಎಲ್ಲ ಲೈನುಗಳಲ್ಲಿಯೂ ಇದು ನೇರವಾಗಿ ಕೂಡುವುದಿಲ್ಲ. ಕೂಡದಿದ್ದಾಗ ಮಧ್ಯವರ್ತಿ ಸರ್ವರಿನ ಮೂಲಕ ಸುತ್ತಿ ಬರುವುದರಿಂದ ಆಟ ನಿಧಾನವಾಗುತ್ತದೆ.

5. ದಿನವಿಡೀ ತೆರೆದಿರುವ ಸರ್ವರು ಬೇಕಾದವರು ಕೂಡಿ ಬಾಡಿಗೆಗೆ ಹಿಡಿಯಿರಿ. ಸರ್ವರು ಯಾವ ಊರಿನಲ್ಲಿದೆ, ವಿಳಾಸ ನಿಮ್ಮೊಬ್ಬರದೇ ಅಥವಾ ಹಂಚಿಕೊಂಡದ್ದೇ, ಪ್ರವಾಹದ ದಾಳಿಗೆ ರಕ್ಷಣೆಯಿದೆಯೇ ಎಂಬ ಮೂರು ಪ್ರಶ್ನೆ ಕೇಳಿಯೇ ಹಣ ಕೊಡಿ. ಹತ್ತು ಮಂದಿ ಹಂಚಿಕೊಂಡರೆ ತಲೆಗೆ ಬೀಳುವುದು ಅಲ್ಪ.

ಗುಮಾಸ್ತ ಬಂಧುಗಳು ಇನ್ನೊಂದನ್ನು ಗಮನಿಸಬೇಕು. ಮನೆಯಿಂದ ಕಚೇರಿಯ ಲೆಕ್ಕದ ಕಂಪ್ಯೂಟರಿಗೆ ನೇರವಾಗಿ ಹೋಗಬೇಕಾದರೆ ಕಚೇರಿಯ ಕಡೆ ಸ್ಥಿರ ವಿಳಾಸ ಕೇಳುವುದೂ ಇದೇ ಕಾರಣಕ್ಕೆ. ಆಟಕ್ಕಾಗಿ ಕಲಿತ ವಿದ್ಯೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಯಾರಿಗಾದರೂ ತಮ್ಮ ಲೈನು ಯಾವ ಬಗೆಯದೆಂದು ತಿಳಿಯದಿದ್ದರೆ ರೌಟರಿನ ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಬಹುದು. ಕೂಡಿ ನೋಡಿ ಹೇಳುತ್ತೇವೆ. ಪಾಸ್‌ವರ್ಡು ಕಾಣುವ ಪುಟದ ಚಿತ್ರವನ್ನು ಮಾತ್ರ ಯಾರಿಗೂ ತೋರಿಸಬೇಡಿ, ನಮಗೂ ಬೇಡ.